ರಿವರ್ಸ್ ಬಾರದವನ ಟ್ರೇಲರ್

ಯಾರ ಮನೆಗೆ ಹೋದರೂ ನಾನು ಚಪ್ಪಲಿಯನ್ನು ಹೊರಮುಖ ಮಾಡಿ ಬಿಡುತ್ತೇನೆ. ಮೊನ್ನೆ ರೋಣದಲ್ಲಿ ಬೀಗರ ಮನೆಗೆ ಹೋಗಿದ್ದಾಗ ಅವರ ಮನೆಯ ಹಿರಿಯಮ್ಮ ಇದನ್ನು ನೋಡಿ, "ಯಾಕ್ರಿ, ಬಂದ ಕೂಡ್ಲೆ ಹೋಗೋ ಅವಸರ ಐತೇನು?" ಎಂದು ಕೇಳಿಯೇಬಿಟ್ಟರು. ನಾನು ನಕ್ಕು ಏನೋ ಹೇಳಿ ಪಾರಾದೆ. ಖರೇ ಕಾರಣ ಹೇಳಲು ಹೊರಟಿದ್ದರೆ ಮುಂದಿಟ್ಟ ಉಪ್ಪಿಟ್ಟು ಆರಿಹೋಗುತ್ತಿತ್ತು. ಚಪ್ಪಲಿಯಷ್ಟೇ ಅಲ್ಲ, ಸ್ಕೂಟರಿಗೂ ಇದೇ ಕಥೆ. ಮದುವೆ ಮಂಟಪದಲ್ಲಿ ಕುರ್ಚಿ ಹಿಡಿಯುವಾಗಲೂ ಇದೇ ಕಥೆ. ಒಳಗೆ ಕಾಲಿಡುವ ಮೊದಲೇ ಹೊರಗೆ ಬರುವ ದಾರಿ ಯಾವುದು ಎಂದು ನನ್ನ ಕಣ್ಣು ಹುಡುಕುತ್ತಿರುತ್ತದೆ. ನಿಮ್ಮ ಮುಂದೆ ಮುಚ್ಚುವುದೇನು? ಈ ರೋಗ ನನಗೆ ಹತ್ತಿದ್ದು ಒಂದು ಟ್ರೇಲರಿನಿಂದ. ಟ್ರೇಲರ್ ಬಂದದ್ದು ಒಂದು ನಾಯಿಯಿಂದ.

ನಾನು ಗಜೇಂದ್ರಗಡದ ಪೇಟೆಯಲ್ಲಿ ಭಾಂಡೆ ಅಂಗಡಿಯವನು. ತಂಬಿಗೆ, ಕೊಡ, ಹಂಡೆ, ಸ್ಟೀಲಿನ ಡಬ್ಬಿ, ಕುಕ್ಕರಿನ ರಬ್ಬರು, ಇಷ್ಟರ ನಡುವೆಯೇ ನನ್ನ ಆಯುಷ್ಯ ಹೋಗಿದೆ. ಅಪ್ಪ ಕೂತ ಗಾದಿಯ ಮೇಲೆ ಈಗ ನಾನು ಕೂಡುತ್ತೇನೆ. ಸಣ್ಣವನಿದ್ದಾಗ ಅಂಗಡಿಯ ಹಿಂದಿನ ಕೋಣೆಯಲ್ಲಿ ತಾಮ್ರದ ದೊಡ್ಡ ಹಂಡೆಯೊಳಗೆ ಇಳಿದು ಕೂತು, ಪರಾತದ ಅಗಲ ತಟ್ಟೆಯೊಂದನ್ನು ಸ್ಟೇರಿಂಗಿನಂತೆ ತಿರುಗಿಸುತ್ತ, ಬಾಯಲ್ಲೇ ಹಾರ್ನು ಹೊಡೆಯುತ್ತ ಹುಬ್ಬಳ್ಳಿಯವರೆಗೂ ಹೋಗಿಬರುತ್ತಿದ್ದೆ. ಆಗ ಎದುರಿಗೆ ಬಂದದ್ದೆಲ್ಲ ತಾನೇ ಬದಿಗೆ ಸರಿಯುತ್ತಿತ್ತು. ಅಂದಿನಿಂದ ನಾನು ಹುಟ್ಟಾ ಡ್ರೈವರ್ ಎಂಬ ನಂಬಿಕೆ ನನ್ನಲ್ಲಿ ಬೇರೂರಿಬಿಟ್ಟಿತು. ಅದಕ್ಕೆ ಸರಿಯಾಗಿ, ಅಂಗಡಿಯವನ ನಾಲಿಗೆಗೆ 'ನನಗೆ ಬರೂದಿಲ್ಲ' ಎಂಬ ಮಾತು ಹೊರಳುವುದೇ ಇಲ್ಲ. ಗಿರಾಕಿ ಏನು ಕೇಳಿದರೂ 'ಹೌದ್ರಿ' ಅನ್ನಬೇಕು, ಆಮೇಲೆ ಒಳಗೆ ಹೋಗಿ ಹುಡುಕಬೇಕು.

ನಾಯಿಯ ಹೆಸರು ಗೌಂಡಿ. ನಮ್ಮ ಕಡೆ ಕಲ್ಲು ಸಿಮೆಂಟು ಕಟ್ಟುವವನಿಗೆ ಗೌಂಡಿ ಅನ್ನುತ್ತಾರೆ. ಮನೆಯ ಕಾಂಪೌಂಡು ಕಟ್ಟಿಸುವಾಗ ಗೌಂಡಿಗಳ ಬುತ್ತಿಯ ವಾಸನೆ ಹಿಡಿದು ಬಂದ ಕಂದು ಬಣ್ಣದ ಮರಿ ಇದು. ಕಟ್ಟುವವರು ಕೆಲಸ ಮುಗಿಸಿ ಹೋದರು, ಮರಿ ಹೋಗಲಿಲ್ಲ. ಎಲ್ಲಿ ಯಾರು ಕೆಲಸ ಮಾಡುತ್ತಿದ್ದರೂ ಎದುರಿಗೆ ಕೂತು, ತಲೆ ವಾರೆ ಮಾಡಿ, 'ಸ್ವಲ್ಪ ಸೊಟ್ಟ ಆತು' ಎಂಬಂತೆ ನೋಡುತ್ತದೆ. ನನ್ನ ಹೆಂಡತಿ ಶಾರದಾ ರೊಟ್ಟಿ ಬಡಿಯುವಾಗ ಮಾತ್ರ ಹಾಗೆ ನೋಡುವುದಿಲ್ಲ. ಅಲ್ಲಿ ಪೂರ್ಣ ಭಕ್ತಿ.

ಈ ಗೌಂಡಿಯಿಂದಾಗಿ ನಾವಿಬ್ಬರೂ ಕೂಡಿ ಎಲ್ಲಿಗೂ ಹೋಗದಂತಾಯಿತು. ಬಿಟ್ಟುಹೋದರೆ ಅದು ಅನ್ನ ಮುಟ್ಟುವುದಿಲ್ಲ. ಕರೆದುಕೊಂಡು ಹೋದರೆ ಮಂದಿ ನಮ್ಮನ್ನು ಮುಟ್ಟುವುದಿಲ್ಲ. ಶಾರದಾಳ ತಂಗಿಯ ಹೊಸ ಮನೆಯ ಪ್ರವೇಶಕ್ಕೆ ಒಮ್ಮೆ ಒಯ್ದಿದ್ದೆವು. ಅಲಂಕಾರ ಮಾಡಿದ ಆಕಳನ್ನು ಹೊಸ್ತಿಲಿಗೆ ತಂದು ನಿಲ್ಲಿಸಿದ್ದರು. ಆಕಳು ಒಂದು ಕ್ಷಣ ಹಿಂದುಮುಂದು ನೋಡಿತು. ಗೌಂಡಿಗೆ ಅಂಥ ಅನುಮಾನವೇನೂ ಇರಲಿಲ್ಲ. ಆಕಳ ಕಾಲ ಸಂದಿಯಿಂದ ನುಸುಳಿ ಮೊದಲು ಒಳಗೆ ಹೋಗಿ, ದೇವರ ಕೋಣೆಯ ಗೋಡೆಯನ್ನು ತಲೆ ವಾರೆ ಮಾಡಿ ಪರೀಕ್ಷೆ ಮಾಡಿತು. ಮುಂದೆ ಬಂದ ಆಮಂತ್ರಣಗಳಲ್ಲೆಲ್ಲ "ನೀವಷ್ಟ ಬರ್ರಿ" ಎಂಬ ಮಾತು ಸೇರಿಕೊಂಡಿತು. ಒಂದು ಮದುವೆಗೆ ನಾನು ಹೋದರೆ ಇನ್ನೊಂದಕ್ಕೆ ಅವಳು. ಮನೆಯಲ್ಲಿ ಉಳಿದವರು ನಾಯಿ ಕಾಯಬೇಕು. ಹೀಗೆ ಎರಡು ವರ್ಷ ನಡೆಯಿತು.

ಅಂಥ ಹೊತ್ತಿನಲ್ಲಿ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಪರದೇಶದ ಗಂಡ ಹೆಂಡತಿ, ಕಾರಿನ ಹಿಂದೆ ಗಾಲಿಯ ಮೇಲಿನ ಪುಟ್ಟ ಮನೆ, ಸಾರ್ವಜನಿಕ ಉದ್ಯಾನದ ಹುಲ್ಲಿನ ಮೇಲೆ ಮಡಚುವ ಕುರ್ಚಿ, ಕೈಯಲ್ಲಿ ಕಾಫಿ, ಕಾಲ ಬಳಿ ನಾಯಿ. ನಾನು ಓಡಿಹೋಗಿ ಶಾರದಾಗೆ ತೋರಿಸಿದೆ.

ಅವಳು ಪೂರ್ತಿ ನೋಡಿದಳು. "ಪಾಪ, ಆ ಮಂದಿಗೆ ಮನಿ ಇಲ್ಲೇನ್ರಿ?" ಎಂದಳು.

"ಮನಿ ಐತಿ. ಸುಮ್ನ ಹೊರಗ ಬಂದು ಇರ್ತಾರ."

"ಮನಿ ಇಟ್ಕೊಂಡು?"

ಅವಳಿಗೆ ತಿಳಿಸಿ ಹೇಳುವುದಕ್ಕಿಂತ ಟ್ರೇಲರ್ ಮಾಡಿಸುವುದೇ ಸುಲಭ ಅನಿಸಿತು. ರೋಣದ ರಸ್ತೆಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಎರಡು ಗಾಲಿಯ ಚೌಕಟ್ಟು ಮಾಡಿಸಿ, ಮೇಲೆ ತಗಡಿನ ಕೋಣೆ ಕೂಡಿಸಿ, ಎರಡು ಕಿಟಕಿ ಇಡಿಸಿದೆ. ಒಳಗೆ ಎರಡು ಹಲಗೆ ಮಂಚ, ಒಂದು ಗ್ಯಾಸ್ ಒಲೆ, ಅಂಗಡಿಯಿಂದ ತಂದ ಹದಿನಾಲ್ಕು ಥರದ ಪಾತ್ರೆ. ನಮ್ಮ ಹಳೇ ಜೀಪಿನ ಹಿಂದೆ ಕೊಂಡಿ ಹಾಕಿ ಸಿಗಿಸಿ ಹೊರಟರೆ ಆ ಪಾತ್ರೆಗಳ ಸದ್ದಿಗೆ ರಸ್ತೆಯ ಎರಡೂ ಬದಿಯ ಹೊಲಗಳಲ್ಲಿ ಮಂದಿ ಎದ್ದು ನಿಲ್ಲುತ್ತಿದ್ದರು.

ಮೊದಲ ಸವಾರಿ ನರಗುಂದಕ್ಕೆ. ಗುಡ್ಡದ ಬುಡದಲ್ಲಿ ಒಂದು ಉದ್ಯಾನವಿದೆ ಎಂದು ಯಾರೋ ಹೇಳಿದ್ದರು. ಕಾವಲುಗಾರ ಒಳ್ಳೆಯವನು. ಒಂದು ಸಂಜೆ ಇದ್ದು ಹೋಗುತ್ತೇವೆ ಎಂದು ಕೇಳಿಕೊಂಡಿದ್ದಕ್ಕೆ ಗೇಟು ತೆರೆದು, "ನಾಯಿ ಹೂವಿನ ಗಿಡದಾಗ ಹೋಗದಂಗ ನೋಡ್ಕೋರಿ" ಎಂದಷ್ಟೇ ಹೇಳಿದ. ನಾನು ವಿಡಿಯೋದವರ ಠೀವಿಯಲ್ಲಿ ಒಳಗೆ ನುಗ್ಗಿಸಿದೆ. ದಾರಿ ಚಲೋ ಇತ್ತು, ಎರಡೂ ಕಡೆ ದಾಸವಾಳ. ಐವತ್ತು ಹೆಜ್ಜೆ ಹೋಗಿ ನೋಡಿದರೆ ಎದುರಿಗೆ ಕಾರಂಜಿಯ ಕಟ್ಟೆ. ದಾರಿ ಮುಗಿದಿತ್ತು.

ಟ್ರೇಲರ್ ಕಟ್ಟಿದ ಗಾಡಿಯನ್ನು ಹಿಂದಕ್ಕೆ ತೆಗೆದು ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನೀವು ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದರೆ ಟ್ರೇಲರ್ ಎಡಕ್ಕೆ ಹೋಗುತ್ತದೆ. ಹಾಗಾದರೆ ಎಡಕ್ಕೆ ತಿರುಗಿಸೋಣ ಎಂದು ನೀವು ಬುದ್ಧಿವಂತಿಕೆ ಮಾಡುವ ಹೊತ್ತಿಗೆ ಅದು ಆಗಲೇ ಚಾಕು ಮಡಚಿದ ಹಾಗೆ ಮಡಚಿಕೊಂಡು ನಿಮ್ಮ ಬಾಗಿಲಿಗೇ ಬಂದು ನಿಂತಿರುತ್ತದೆ. ಹಂಡೆಯಲ್ಲಿ ಕಲಿತ ಡ್ರೈವಿಂಗಿನಲ್ಲಿ ಈ ಪಾಠ ಇರಲಿಲ್ಲ. ನಾಲ್ಕು ಸಲ ಮಡಚಿತು. ವಾಕಿಂಗಿಗೆ ಬಂದವರು ವಾಕಿಂಗ್ ಬಿಟ್ಟು ನಿಂತರು. ಗೌಂಡಿ ಎಲ್ಲರಿಗಿಂತ ಮುಂದೆ ಕೂತು ತಲೆ ವಾರೆ ಮಾಡಿತು.

ಪಕ್ಕದಲ್ಲಿದ್ದ ಶಾರದಾ ಮೆಲ್ಲಗೆ, "ಎಡಕ್ಕ ಹೊಡೀರಿ. ಸ್ವಲ್ಪ, ಸ್ವಲ್ಪ ಅಷ್ಟ" ಎಂದಳು.

"ನಿನಗೇನ ತಿಳೀತೈತಿ? ಸುಮ್ನ ಕುಂದ್ರ" ಎಂದೆ.

ಅವಳು ಸುಮ್ಮನೆ ಕೂತಳು. ಕೊನೆಗೆ ಕೊಂಡಿ ಕಳಚಿ, ವಾಕಿಂಗಿನ ಆರು ಮಂದಿ ಸೇರಿ ನಮ್ಮ ಮನೆಯನ್ನು ಕೈಯಿಂದಲೇ ದಬ್ಬಿಕೊಂಡು ಗೇಟಿನ ಹೊರಗೆ ಬಿಟ್ಟರು. ಅವರಲ್ಲಿ ಇಬ್ಬರಿಗೆ ಡಾಕ್ಟರು ಭಾರ ಎತ್ತಬೇಡಿ ಎಂದಿದ್ದರಂತೆ. ನಾನು ಬೆವರು ಒರೆಸಿಕೊಳ್ಳುತ್ತ, "ಹೊಸ ಕೊಂಡಿ ನೋಡ್ರಿ, ಇನ್ನೂ ಬಿಗಿ ಐತಿ" ಎಂದು ಎಲ್ಲರಿಗೂ ಹೇಳಿದೆ. ಎಲ್ಲರೂ ಕೊಂಡಿಯನ್ನು ನೋಡಿದರು. ಶಾರದಾ ನನ್ನನ್ನು ನೋಡಿದಳು.

ಅಲ್ಲಿಂದ ನನ್ನ ಪ್ರವಾಸದ ತತ್ವವೇ ಬದಲಾಯಿತು. ನೋಡಲು ಏನಿದೆ ಎಂಬುದು ಬಿಟ್ಟು, ಹಿಂದಕ್ಕೆ ತೆಗೆಯದೆ ಹೊರಬರುವುದು ಹೇಗೆ ಎಂಬುದನ್ನು ವಿಚಾರಿಸತೊಡಗಿದೆ. ಅದಕ್ಕೇ ಎರಡನೆಯ ಸಲ ಇಟಗಿಗೆ ಹೋದೆವು. ಭೀಮಾಂಬಿಕೆಯ ದರ್ಶನ ಮಾಡಬೇಕೆಂದು ಶಾರದಾಗೆ ಹೇಳಿದೆ. ನನ್ನ ಮನಸ್ಸಿನಲ್ಲಿದ್ದದ್ದು ಊರ ಹೊರಗಿನ ಬಯಲು. ಎತ್ತಿನ ಗಾಡಿ ಸುತ್ತಿದಂತೆ ಒಂದು ದೊಡ್ಡ ಸುತ್ತು ಹಾಕಿ ಗಾಡಿಯನ್ನು ಹೊರಮುಖ ಮಾಡಿ ನಿಲ್ಲಿಸಿದೆ. ಬಹಳ ಸಮಾಧಾನವಾಯಿತು. ಕುರ್ಚಿ ಬಿಡಿಸಿದೆ, ಕಾಲು ಚಾಚಿದೆ. ಶಾರದಾ ಪಾತ್ರೆಗಳನ್ನು ತೊಳೆದು ಟ್ರೇಲರಿನ ಬಾಗಿಲಲ್ಲಿ ಬಿಸಿಲಿಗೆ ಸಾಲಾಗಿ ಇಟ್ಟಳು.

ಹತ್ತು ನಿಮಿಷ ಆಗಿರಬೇಕು. ಒಬ್ಬಾಕೆ ಅಜ್ಜಿ ಬಂದು ತೂತು ಬಿದ್ದ ತಂಬಿಗೆಯನ್ನು ನನ್ನ ತೊಡೆಯ ಮೇಲೆ ಇಟ್ಟಳು. "ಹಳೇದು ತಗೊಂಡು ಹೊಸಾದು ಕೊಡ್ತೀರೇನ್ರಿ?"

"ಯವ್ವಾ, ನಾವು ಮಾರಾಕ ಬಂದಿಲ್ಲ. ಸುಮ್ನ ಬಂದೀವಿ."

ಅಜ್ಜಿ ಸಾಲಾಗಿಟ್ಟ ಪಾತ್ರೆ ನೋಡಿದಳು, ತಗಡಿನ ಗಾಡಿ ನೋಡಿದಳು, ಕುರ್ಚಿ ಹಾಕಿಕೊಂಡು ಕೂತ ನನ್ನನ್ನು ನೋಡಿದಳು. "ಸುಮ್ನ ಯಾಕ ಬರ್ತೀರಿ?" ಎಂದಳು. ಅಷ್ಟರಲ್ಲಿ ಇನ್ನೂ ಎಂಟು ಹತ್ತು ಹೆಣ್ಣುಮಕ್ಕಳು ಬಂದರು. ಅಂಗಡಿಗೆ ರಜೆ ಹಾಕಿ ಬಂದವನು ಮತ್ತೆ ಅಂಗಡಿಯನ್ನೇ ಹಾಕಿಕೊಂಡು ಕೂತಿದ್ದೆ. ಶಾರದಾ ಮಾತ್ರ ಅಜ್ಜಿಗೆ ನಮ್ಮ ತಂಬಿಗೆಯನ್ನೇ ಕೊಟ್ಟು, ಚಹಾ ಕಾಸಿ, ಎಲ್ಲರನ್ನೂ ಕೂಡಿಸಿಕೊಂಡು ಸಂಜೆಯವರೆಗೆ ಹರಟೆ ಹೊಡೆದಳು. ಅವಳು ಅಷ್ಟು ನಗುತ್ತಾಳೆಂದು ನನಗೆ ತಿಳಿದದ್ದು ಅವತ್ತೇ. ನಾನು ತೂತಿನ ತಂಬಿಗೆಯಲ್ಲಿ ನೀರು ಹಾಕಿ ಗೌಂಡಿಗೆ ಇಟ್ಟೆ. ಅದು ಕುಡಿಯುವ ಮೊದಲೇ ನೀರು ಖಾಲಿಯಾಯಿತು. ಗೌಂಡಿ ನನ್ನನ್ನು ನೋಡಿದ ರೀತಿಯನ್ನು ವರ್ಣಿಸಲಾರೆ.

ಮೂರನೆಯ ಸಲ ಹೊಳೆಆಲೂರು. ಮಲಪ್ರಭೆಯ ದಂಡೆಯಲ್ಲಿ ಹುಲ್ಲು ಬೆಳೆದ ಸಾರ್ವಜನಿಕ ಜಾಗವೊಂದಿತ್ತು, ಕೂಡಲು ಎರಡು ಕಲ್ಲಿನ ಬೆಂಚು, ನಾಲ್ಕು ಬೇವಿನ ಗಿಡ. ಮೇಲಿನ ರಸ್ತೆಯಿಂದ ಅಲ್ಲಿಗೆ ಇಳಿಯಲು ಒಂದೇ ದಾರಿ. ಎರಡೂ ಬದಿ ಜಾಲಿ ಕಂಟಿ, ಒಂದು ಗಾಡಿ ಹಿಡಿಯುವಷ್ಟೇ ಅಗಲ. ನನ್ನ ತತ್ವದ ಪ್ರಕಾರ ಅಲ್ಲಿ ಇಳಿಯಲೇಬಾರದಿತ್ತು. ಆದರೆ ಕೆಳಗೆ ಹುಲ್ಲು ಹಸಿರಾಗಿತ್ತು, ಥೇಟ್ ವಿಡಿಯೋದಲ್ಲಿ ಇದ್ದಂತೆ. ಕೆಳಗೆ ಹೋಗಿ ತಿರುಗಿಸಿಕೊಂಡರಾಯಿತು ಎಂದು ಇಳಿಸಿಬಿಟ್ಟೆ. ಕೆಳಗೆ ಹೋಗಿ ನೋಡಿದರೆ ತಿರುಗಿಸುವಷ್ಟು ಜಾಗವೇ ಇಲ್ಲ, ಒಂದು ಕಡೆ ಬೆಂಚು, ಇನ್ನೊಂದು ಕಡೆ ಹೊಳೆ. ನಾಳೆ ನೋಡಿಕೊಳ್ಳೋಣ ಎಂದು ಶಾರದಾಗೆ ಏನೂ ಹೇಳದೆ ಕುರ್ಚಿ ಬಿಡಿಸಿದೆ.

ಮಧ್ಯಾಹ್ನದ ಊಟ ಮುಗಿದಿತ್ತು. ಸ್ವಲ್ಪ ದೂರದಲ್ಲಿ ಒಬ್ಬ ಹಿರಿಯ ತನ್ನ ಎರಡು ಎಮ್ಮೆಗಳ ಮೈತೊಳೆಯುತ್ತಿದ್ದ. ಅವನಿಗೆ ಯಾರದೋ ಫೋನು ಬಂತು. ಮಾತು ಮುಗಿಸಿದವನೇ ಎಮ್ಮೆಗಳನ್ನು ಹೊಡೆದುಕೊಂಡು ಲಗುಲಗು ನಮ್ಮ ಕಡೆ ಬಂದ.

"ಸಾವಕಾರ್ರ, ಮ್ಯಾಲಿನ ಡ್ಯಾಮಿಂದ ನೀರು ಬಿಟ್ಟಾರಂತ. ಈ ಜಾಗಾ ಮುಳಗತೈತಿ. ಗಾಡಿ ಮ್ಯಾಲ ಒಯ್ರಿ."

ನಾನು ಹೊಳೆಯ ಕಡೆ ನೋಡಿದೆ. ಊಟಕ್ಕೆ ಕೂತಾಗ ಕಾಣುತ್ತಿದ್ದ ಕಪ್ಪು ಬಂಡೆಯೊಂದು ಈಗ ಕಾಣಲಿಲ್ಲ. ನೀರು ಸದ್ದಿಲ್ಲದೆ, ಕೆಂಪಗೆ, ಹುಲ್ಲಿನ ಒಂದೊಂದೇ ಎಸಳನ್ನು ಮುಳುಗಿಸುತ್ತ ಬರುತ್ತಿತ್ತು. ಕೈಗೆ ಸಿಕ್ಕಿದ್ದನ್ನೆಲ್ಲ ಒಳಗೆ ಎಸೆದು ಜೀಪು ಚಾಲೂ ಮಾಡಿ ಹಿಂದಕ್ಕೆ ಹಾಕಿದೆ. ಮಡಚಿತು. ಮುಂದೆ ತೆಗೆದು ಮತ್ತೆ ಹಾಕಿದೆ. ಈ ಸಲ ಇನ್ನೊಂದು ಕಡೆಗೆ ಮಡಚಿತು. ಮೂರನೆಯ ಸಲ ಟ್ರೇಲರಿನ ಒಂದು ಗಾಲಿ ಕಂಟಿಯ ಬುಡದ ತಗ್ಗಿಗೆ ಇಳಿದು ಇಡೀ ಮನೆ ವಾಲಿತು. ಒಳಗೆ ಪಾತ್ರೆಗಳೆಲ್ಲ ಒಮ್ಮೆಲೇ ಬಿದ್ದವು. ಕೊಂಡಿ ಕಳಚೋಣವೆಂದು ಇಳಿದರೆ ಅದು ತಿರುಚಿಕೊಂಡು ಬಿಗಿದುಹೋಗಿತ್ತು. ನರಗುಂದದಲ್ಲಿ ನಾನು ಹೇಳಿದ ಸುಳ್ಳು ಇಲ್ಲಿ ಖರೇ ಆಗಿತ್ತು. ಮತ್ತೆ ಜೀಪು ಹತ್ತಿದೆ. ಗೌಂಡಿ ನೀರಿನ ಅಂಚಿಗೆ ನಿಂತು ಬೊಗಳುತ್ತ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಿತ್ತು. ಹಿಂದಕ್ಕೆ ಸರಿಯುವುದು ಅದಕ್ಕೂ ಬರುತ್ತಿತ್ತು.

ಆಗ ನನ್ನ ಕಡೆಯ ಬಾಗಿಲು ತೆರೆಯಿತು. ಶಾರದಾ ನಿಂತಿದ್ದಳು.

"ಇಳೀರಿ ಕೆಳಗ."

"ಏನ?"

"ಇಳೀರಿ ಅಂದೆ."

ಮದುವೆಯಾಗಿ ಮೂವತ್ತೊಂದು ವರ್ಷ. ಈ ಧ್ವನಿಯನ್ನು ನಾನು ಎಂದೂ ಕೇಳಿರಲಿಲ್ಲ. ಇಳಿದೆ. ಅವಳು ಸೆರಗನ್ನು ಸೊಂಟಕ್ಕೆ ಸಿಗಿಸಿ ಹತ್ತಿ ಕೂತಳು. ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ಮೊದಲು ಗಾಡಿಯನ್ನು ನಾಲ್ಕು ಮಾರು ಮುಂದಕ್ಕೆ, ನೇರವಾಗಿ ನೀರಿನ ಕಡೆಗೇ ಒಯ್ದಳು. ಮುಂದಿನ ಗಾಲಿ ನೀರು ಮುಟ್ಟಿದವು. ನಾನು ಕೂಗಿಕೊಂಡೆ. ಅವಳು ನನ್ನ ಕಡೆ ನೋಡಲಿಲ್ಲ. ಟ್ರೇಲರ್ ತಗ್ಗಿನಿಂದ ಎದ್ದು ಜೀಪಿನ ಹಿಂದೆ ನೆಟ್ಟಗೆ ನಿಂತಿತು. ಆಮೇಲೆ ಅವಳು ಸ್ಟೇರಿಂಗಿನ ಕೆಳಗಿನ ಭಾಗವನ್ನು ಒಂದು ಕೈಯಲ್ಲಿ ಹಿಡಿದು, ತಲೆಯನ್ನು ಕಿಟಕಿಯಿಂದ ಹೊರಗೆ ಹಾಕಿ ಹಿಂದೆ ನೋಡುತ್ತ, ಮೆಲ್ಲಗೆ, ಹಿಟ್ಟು ಸೋಸಿದಷ್ಟು ಮೆಲ್ಲಗೆ, ಆ ಜಾಲಿ ಕಂಟಿಗಳ ನಡುವೆ ಗಾಡಿಯನ್ನು ಹಿಂದಕ್ಕೆ ಏರಿಸುತ್ತ ಹೋದಳು. ಎಲ್ಲೂ ನಿಲ್ಲಲಿಲ್ಲ. ಒಂದು ಮುಳ್ಳೂ ತಗಡಿಗೆ ಗೀರಲಿಲ್ಲ. ಗೌಂಡಿ ಓಡಿಬಂದು ನಡೆಯುವ ಗಾಡಿಗೇ ಹಾರಿ ಅವಳ ಪಕ್ಕದ ಸೀಟಿನಲ್ಲಿ ಕೂತಿತು. ತಲೆ ನೆಟ್ಟಗಿತ್ತು.

ಎಮ್ಮೆಯ ಹಿರಿಯ ನನ್ನ ಪಕ್ಕ ನಿಂತು ನೋಡುತ್ತಿದ್ದ. "ಅಕ್ಕಾರು ಭಾಳ ಚಲೋ ಹೊಡೀತಾರ್ರಿ" ಎಂದ. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನೀವು ಎಮ್ಮಿ ಹಿಂದ ನಡೀರಿ, ಜಾರತೈತಿ" ಎಂದ. ಎರಡು ಎಮ್ಮೆಗಳ ಹಿಂದೆ, ಹುಲ್ಲಿನ ಮೇಲೆ ಉಳಿದುಹೋಗಿದ್ದ ಒಂದು ಮಡಚುವ ಕುರ್ಚಿ ಹಿಡಿದುಕೊಂಡು ನಾನು ಏರಿ ಬಂದೆ. ತಿರುಗಿ ನೋಡಿದಾಗ ಕಲ್ಲಿನ ಬೆಂಚಿನ ಕಾಲು ಮುಳುಗಿದ್ದವು.

ಮೇಲೆ ರಸ್ತೆಯ ಬದಿಗೆ ಗಾಡಿ ನಿಲ್ಲಿಸಿ ಶಾರದಾ ಚಹಾಕ್ಕೆ ಇಟ್ಟಿದ್ದಳು. ಲೋಟ ಕೈಗೆ ಬಂದ ಮೇಲೆ ಕೇಳಿದೆ.

"ಎಲ್ಲಿ ಕಲ್ತಿ?"

"ಪುರ್ತಗೇರಿಯೊಳಗ." ಪುರ್ತಗೇರಿ ಅವಳ ತವರು. "ನಮ್ಮಣ್ಣ ಕಾಲು ಮುರಕೊಂಡಿದ್ನಲ್ರಿ, ಆ ವರ್ಷ ಉಳ್ಳಾಗಡ್ಡಿ ಪೀಕು ಭಾಳ ಬಂದಿತ್ತು. ಅಪ್ಪಗ ಟ್ರ್ಯಾಕ್ಟರ್ ಬರ್ತಿದ್ದಿಲ್ಲ. ನಾನ ಹೊಡದೆ. ಎರಡು ಸುಗ್ಗಿ. ಬಜಾರದಾಗ ಅಷ್ಟು ಗಾಡಿ ನಡುವ ಟ್ರೇಲಿ ಹಿಂದಕ್ಕ ಹಚ್ಚಬೇಕಲ್ರಿ, ತಾನ ಬರತೈತಿ."

"ಮತ್ತ ನನಗ ಯಾಕ ಹೇಳಲಿಲ್ಲ?"

"ಪ್ಯಾಟಿ ಮಂದಿ ಅದಾರ, ಟ್ರ್ಯಾಕ್ಟರ್ ಹೊಡೀತಿದ್ದೆ ಅಂತ ಬಾಯಿ ಬಿಡಬ್ಯಾಡ ಅಂತ ಅವ್ವ ಹೇಳಿದ್ಲು. ನೀವು ನೋಡಾಕ ಬಂದಾಗ ಏನೇನ ಬರತೈತಿ ಅಂತ ಕೇಳಿದ್ರಿ. ಹೋಳಿಗಿ ಭಾಳ ಚಲೋ ಮಾಡ್ತಾಳ ಅಂತ ಅಪ್ಪ ಅಂದ. ಅವತ್ತು ನೀವು ತಿಂದದ್ದು ಅವ್ವ ಮಾಡಿದ ಹೋಳಿಗಿ."

ಮೂವತ್ತೊಂದು ವರ್ಷ ನಾನು ಊರ ತುಂಬ, ಒಂದು ಹೋಳಿಗೆ ತಿಂದು ಈಕೆಯನ್ನು ಒಪ್ಪಿದೆ ಎಂದು ಹೇಳಿಕೊಂಡು ತಿರುಗಿದ್ದೆ.

"ಹೋಗ್ಲಿ, ಅವತ್ತು ನರಗುಂದದಾಗರೆ ಹೇಳಬಾರದಿತ್ತೇನು?"

"ಹೇಳಿದ್ನಲ್ರಿ. ಎಡಕ್ಕ ಹೊಡೀರಿ ಅಂದೆ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಚಹಾ ಸೋಸುತ್ತ, ನಡೆದದ್ದು ಇಷ್ಟು ಎಂಬಂತೆ ಹೇಳಿದಳು. ಸಿಟ್ಟು ಮಾಡಿದ್ದರೆ ನಾನೂ ಏನಾದರೂ ಜಗಳ ತೆಗೆದು ಮುಖ ಉಳಿಸಿಕೊಳ್ಳುತ್ತಿದ್ದೆ. ಅದಕ್ಕೂ ಅವಳು ಜಾಗ ಬಿಡಲಿಲ್ಲ. ಹೊಳೆಯ ಕಡೆ ನೋಡಿದೆ. ಬೇವಿನ ಗಿಡಗಳ ಬುಡಕ್ಕೆ ನೀರು ಬಂದಿತ್ತು. ಒಂದು ಮಾತು ಕೇಳದೆ ಇದ್ದದ್ದಕ್ಕೆ ಇವತ್ತು ಏನೇನು ಹೋಗಬಹುದಿತ್ತು ಎಂಬುದು ಆಗ ಅರ್ಥವಾಯಿತು.

ಅವಳ ಹತ್ತಿರ ಲೈಸೆನ್ಸ್ ಇರಲಿಲ್ಲ. ಹೀಗಾಗಿ ಅವತ್ತು ಊರಿಗೆ ನಾನೇ ಹೊಡೆದುಕೊಂಡು ಬಂದೆ. ರಸ್ತೆ ಮುಂದಕ್ಕೇ ಹೋಗುತ್ತಿದ್ದುದರಿಂದ ಅಡ್ಡಿಯಾಗಲಿಲ್ಲ. ಮರುವಾರವೇ ಅರ್ಜಿ ಹಾಕಿಸಿದೆ. ಐವತ್ತೆರಡರ ವಯಸ್ಸಿನಲ್ಲಿ ಕಲಿಯುವವರ ಕೆಂಪು 'ಎಲ್' ಫಲಕ ಹಚ್ಚಿಕೊಂಡು ಅವಳು ಗಜೇಂದ್ರಗಡದ ಪೇಟೆಯಲ್ಲಿ ಜೀಪು ತಂದಾಗ ಅಂಗಡಿಯವರೆಲ್ಲ ಹೊರಗೆ ಬಂದರು. ಕಲಿಯುವವರ ಪಕ್ಕ ಲೈಸೆನ್ಸ್ ಇದ್ದವರು ಕೂಡಬೇಕೆಂಬುದು ಕಾನೂನು. ನನ್ನ ಲೈಸೆನ್ಸಿನಿಂದ ಒಬ್ಬರಿಗಾದರೂ ಉಪಯೋಗವಾದದ್ದು ಆಗಲೇ. ಪಕ್ಕದ ಸೀಟು ಗೌಂಡಿಯದಾಗಿದ್ದರಿಂದ ಅದನ್ನು ತೊಡೆಯ ಮೇಲೆ ಕೂಡಿಸಿಕೊಳ್ಳಬೇಕಾಯಿತು.

ಪರೀಕ್ಷೆಯ ದಿನ ನಾನು ಮೈದಾನದ ಬದಿಯ ಗಿಡದ ಕೆಳಗೆ ನಿಂತಿದ್ದೆ. ಉಳಿದವರೆಲ್ಲ ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರು. ಅವರ ನಡುವೆ ಇಳಕಲ್ ಸೀರೆಯ ಈಕೆ. ನೆಟ್ಟ ಕಂಬಗಳ ನಡುವೆ ಗಾಡಿಯನ್ನು ಹಿಂದಕ್ಕೆ ಒಯ್ದು ನಿಲ್ಲಿಸಬೇಕಿತ್ತು. ಅವಳು ಒಂದೇ ಸಲಕ್ಕೆ ನಿಲ್ಲಿಸಿ ಇಳಿದು ಬಂದಳು. ಪರೀಕ್ಷೆ ಮಾಡುವ ಅಧಿಕಾರಿ ಹುಡುಗರಿಗೆಲ್ಲ "ನೋಡ್ರಿ, ಹಿಂಗ" ಎಂದು ತೋರಿಸಿ, ಅವಳನ್ನು ಕೇಳಿದರು.

"ಅಮ್ಮಾರ, ಯಾರು ಕಲಿಸ್ಯಾರ ನಿಮಗ?"

ಶಾರದಾ ಗಿಡದ ಕಡೆ ಕೈ ಮಾಡಿದಳು. "ನಮ್ಮ ಮನಿಯವರ್ರಿ."

ಅಧಿಕಾರಿ ಅಲ್ಲಿಂದಲೇ ನನಗೆ ಕೈ ಎತ್ತಿ, "ಭಾಳ ಚಲೋ ಕಲಿಸೀರಿ ಸರ್!" ಎಂದರು. ಹುಡುಗರೆಲ್ಲ ತಿರುಗಿ ನನ್ನನ್ನು ನೋಡಿದರು. ಅಲ್ರಿ, ನಾನಲ್ರಿ, ಎಂದು ಹೇಳಲು ಬಾಯಿ ತೆರೆದೆ. ದೇವರಾಣೆ ಅದನ್ನೇ ಹೇಳಬೇಕೆಂದಿದ್ದೆ. ಹೊರಗೆ ಬಂದದ್ದು "ಹೌದ್ರಿ."

ವಾಪಸು ಬರುವಾಗ ಅವಳೇ ಗಾಡಿ ಹೊಡೆಯುತ್ತಿದ್ದಳು. ಒಂದೆರಡು ಊರು ದಾಟುವವರೆಗೆ ನಾನು ಗೌಂಡಿಯ ಕಿವಿ ತಿಕ್ಕುತ್ತ ಕೂತಿದ್ದೆ. ಆಮೇಲೆ ತಡೆಯಲಾಗಲಿಲ್ಲ.

"ನನ್ನ ಹೆಸರು ಯಾಕ ಹೇಳಿದಿ?"

"ಅಷ್ಟೊತ್ತು ಗಿಡದ ಕೆಳಗ ಒಬ್ರ ನಿಂತಿದ್ರಿ. ಪಾಪ ಅನಸ್ತು."

ಎಡಬಲ ಕಡ್ಲಿಯ ಹೊಲ. ರಸ್ತೆ ಖಾಲಿ ಇತ್ತು. ಮೂವತ್ತೊಂದು ವರ್ಷದ ಹಿಂದೆ ಅವಳಪ್ಪನ ಮುಂದೆ ಕೂತು ಕೇಳಿದ ಪ್ರಶ್ನೆಯನ್ನು ಈಗ ಅವಳನ್ನೇ ಕೇಳಿದೆ.

"ಮತ್ತ ಇನ್ನೇನೇನ ಬರತೈತಿ ನಿನಗ?"

ಅವಳು ಗೇರು ಬದಲಿಸಿದಳು.

"ಈಸಾಕ ಬರತೈತಿ" ಎಂದಳು. "ಗಿಡಾ ಹತ್ತಾಕ ಬರತೈತಿ. ಪಂಪಿನ ಮೋಟರ್ ಬಿಚ್ಚಿ ಜೋಡಸ್ತೀನಿ..."

ಗಜೇಂದ್ರಗಡ ಬಂದರೂ ಅವಳ ಪಟ್ಟಿ ಮುಗಿದಿರಲಿಲ್ಲ. ಮನೆಯ ಓಣಿ ಬಂದಾಗ, "ಇನ್ನೊಂದು ಸುತ್ತು ಹೊಡದು ಬರೂಣು" ಎಂದೆ.